ಋತು ಬದಲಾಗುವುದನ್ನು ನಿಮ್ಮ ಅಂಗಳದಲ್ಲೇ ಗುರುತಿಸುವುದು ಹೇಗೆ?

ನಮ್ಮಲ್ಲಿ ಋತು ಯಾವಾಗ ಬದಲಾಗುತ್ತದೆ ಅಂತ ಕೇಳಿ ನೋಡಿ, ಒಬ್ಬೊಬ್ಬರದು ಒಂದೊಂದು ಉತ್ತರ. ಶಾಲೆಯ ಮಕ್ಕಳು ಬೇಸಿಗೆ, ಮಳೆಗಾಲ, ಚಳಿಗಾಲ ಎನ್ನುತ್ತಾರೆ. ಪಂಚಾಂಗ ಆರು ಋತು ಎನ್ನುತ್ತದೆ. ಹವಾಮಾನ ಇಲಾಖೆಯವರು ವರ್ಷವನ್ನು ನಾಲ್ಕು ಭಾಗ ಮಾಡಿದ್ದಾರೆ: ಜನವರಿ–ಫೆಬ್ರವರಿ ಚಳಿಗಾಲ, ಮಾರ್ಚ್‌ನಿಂದ ಮೇವರೆಗೆ ಮುಂಗಾರಿಗೆ ಮುಂಚಿನ ಕಾಲ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಗಾರು, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಹಿಂಗಾರು. ಹೊಲದವರನ್ನು ಕೇಳಿದರೆ ಋತುವಿನ ಮಾತೇ ಇಲ್ಲ, "ಈಗ ಆರಿದ್ರಾ ನಡೀತಿದೆ" ಅಂತ ಮಳೆಯ ಹೆಸರು ಹೇಳುತ್ತಾರೆ.

ಇವೆಲ್ಲ ಸರಿಯೇ. ಗೊಂದಲ ಯಾಕೆ ಆಗುತ್ತದೆ ಅಂದರೆ ನಮ್ಮ ನಾಡಿನಲ್ಲಿ ಎರಡು ಲೆಕ್ಕಗಳು ಒಟ್ಟಿಗೆ ನಡೆಯುತ್ತಿರುತ್ತವೆ. ಒಂದು ಸೂರ್ಯನದು, ಅದು ಪ್ರತಿ ವರ್ಷ ಹೆಚ್ಚುಕಡಿಮೆ ಅದೇ ದಿನಕ್ಕೆ ಬರುತ್ತದೆ. ಇನ್ನೊಂದು ಗಾಳಿ-ಮಳೆಯದು, ಅದು ಹದಿನೈದು ದಿನ ಹಿಂದೆ-ಮುಂದೆ ಆಗುವುದು ಮಾಮೂಲು. ಎರಡನ್ನೂ ಬೇರೆ ಬೇರೆಯಾಗಿ ನೋಡಿ, ಆಮೇಲೆ ಪಕ್ಕಪಕ್ಕ ಇಟ್ಟರೆ ನಿಮ್ಮೂರಿನ ಋತು ನಿಮಗೇ ಗೊತ್ತಾಗುತ್ತದೆ. ಅದಕ್ಕೆ ಬೇಕಾಗಿರುವುದು ಒಂದು ಕೋಲು, ಒಂದು ಖಾಲಿ ಬಾಟಲಿ, ಒಂದು ನೋಟ್‌ಬುಕ್. ಆ್ಯಪ್ ಏನೂ ಬೇಡ. ಮಕ್ಕಳಿರುವ ಮನೆಯಲ್ಲಂತೂ ಇದನ್ನು ಮಾಡಲೇಬೇಕು ಅಂತ ನನ್ನ ಒತ್ತಾಯ.

ಮೊದಲು ಕೋಲು ನೆಡಿ

ಬಿಸಿಲು ಚೆನ್ನಾಗಿ ಬೀಳುವ ಸಮತಟ್ಟಾದ ಜಾಗ ನೋಡಿ. ತಾರಸಿ ಆದರೂ ಆದೀತು, ಮಣ್ಣು ತುಂಬಿದ ಕುಂಡದಲ್ಲಿ ಕೋಲು ನಿಲ್ಲಿಸಬಹುದು. ನೆಲದಿಂದ (ಕುಂಡದಲ್ಲಿ ಇಟ್ಟರೂ ತಾರಸಿಯ ನೆಲದಿಂದಲೇ) ಕೋಲಿನ ತುದಿಗೆ ಸರಿಯಾಗಿ ಒಂದು ಮೀಟರ್ ಇರಲಿ. ಕೋಲು ನೆಟ್ಟಗಿದೆಯಾ ಅಂತ ನೋಡುವುದಕ್ಕೆ ದಾರಕ್ಕೆ ಒಂದು ಕಲ್ಲು ಕಟ್ಟಿ ಪಕ್ಕದಲ್ಲಿ ಇಳಿಬಿಡಿ. ಇಷ್ಟನ್ನು ಮಾತ್ರ ಜಾಗ್ರತೆಯಿಂದ ಮಾಡಿ, ಕೋಲು ಸ್ವಲ್ಪ ವಾಲಿದರೂ ಅಳತೆ ಕೆಡುತ್ತದೆ.

ಈಗ ಮಧ್ಯಾಹ್ನ 12 ಗಂಟೆಗೆ ಸ್ವಲ್ಪ ಮುಂಚೆ ಶುರು ಮಾಡಿ, 12:45ರವರೆಗೆ ಐದೈದು ನಿಮಿಷಕ್ಕೊಮ್ಮೆ ನೆರಳಿನ ತುದಿಗೆ ಸೀಮೆಸುಣ್ಣದಲ್ಲಿ ಚುಕ್ಕೆ ಇಡಿ. ಅತಿ ಚಿಕ್ಕ ನೆರಳು ಬಿದ್ದ ಹೊತ್ತೇ ನಿಮ್ಮೂರಿನ ನಿಜವಾದ ನಡುಹಗಲು. ಗಡಿಯಾರದ 12ಕ್ಕೂ ಅದಕ್ಕೂ ತಾಳೆ ಆಗುವುದಿಲ್ಲ, ಯಾಕೆಂದರೆ ದೇಶದ ಸಮಯ ನಿಂತಿರುವುದು 82.5 ಡಿಗ್ರಿ ಪೂರ್ವ ರೇಖಾಂಶದ ಮೇಲೆ, ಬೆಂಗಳೂರು ಇರುವುದು 77.6ರ ಹತ್ತಿರ. ಅದರ ಜೊತೆಗೆ ವರ್ಷದೊಳಗೇ ಈ ಹೊತ್ತು ಸರಿಯುತ್ತದೆ. ಬೆಂಗಳೂರಿನಲ್ಲಿ ನವೆಂಬರ್ ಮೊದಲ ವಾರ 12:03ರ ಸುಮಾರಿಗೆ ನಡುಹಗಲಾದರೆ ಫೆಬ್ರವರಿ ಮಧ್ಯದಲ್ಲಿ 12:34 ಆಗುತ್ತದೆ. ಮಂಗಳೂರು, ಬೆಳಗಾವಿ ಕಡೆಯವರು ಇದಕ್ಕೆ ಹತ್ತು-ಹನ್ನೆರಡು ನಿಮಿಷ ಸೇರಿಸಿಕೊಳ್ಳಿ. ಅತಿ ಚಿಕ್ಕ ನೆರಳಿನ ಚುಕ್ಕೆಗೂ ಕೋಲಿನ ಬುಡಕ್ಕೂ ಒಂದು ಗೆರೆ ಎಳೆದರೆ ಅದೇ ಸರಿಯಾದ ಉತ್ತರ-ದಕ್ಷಿಣ. ಮನೆಯ ದಿಕ್ಕು ನೋಡಲಿಕ್ಕೂ ಬರುತ್ತದೆ.

ವಾರಕ್ಕೊಮ್ಮೆ ಈ ನೆರಳನ್ನು ಅಳೆದು ಬರೆದಿಡಿ. ಬೆಂಗಳೂರಿನಲ್ಲಿ ನಿಮಗೆ ಸಿಗಬೇಕಾದ ಅಳತೆಗಳು ಇವು. ಡಿಸೆಂಬರ್ 21ರ ಸುಮಾರಿಗೆ ನೆರಳು ಉತ್ತರಕ್ಕೆ 74 ಸೆಂ.ಮೀ., ವರ್ಷದಲ್ಲೇ ಉದ್ದ. ಮಾರ್ಚ್ 20–21ಕ್ಕೆ 23 ಸೆಂ.ಮೀ. ಏಪ್ರಿಲ್ 24–25ರ ಹೊತ್ತಿಗೆ ನೆರಳೇ ಇಲ್ಲ! ಸೂರ್ಯ ಸರಿಯಾಗಿ ನೆತ್ತಿಯ ಮೇಲೆ. ಆಮೇಲೆ ನೆರಳು ದಕ್ಷಿಣಕ್ಕೆ ತಿರುಗುತ್ತದೆ, ಜೂನ್ 21ಕ್ಕೆ 18 ಸೆಂ.ಮೀ. ಆಗಿ ಅಲ್ಲಿಂದ ವಾಪಸ್. ಆಗಸ್ಟ್ 18ರ ಸುಮಾರಿಗೆ ಮತ್ತೆ ಶೂನ್ಯ ನೆರಳು, ಆದರೆ ಆ ದಿನ ಮೋಡ ಬಿಡಬೇಕು.

ಶೂನ್ಯ ನೆರಳಿನ ದಿನ ಎಲ್ಲಾ ಊರಿಗೂ ಒಂದೇ ಅಲ್ಲ. ದಕ್ಷಿಣದಿಂದ ಉತ್ತರಕ್ಕೆ ಹೋದಷ್ಟೂ ತಡ. ಮೈಸೂರಿಗೆ ಬೆಂಗಳೂರಿಗಿಂತ ಒಂದೆರಡು ದಿನ ಮೊದಲೇ ಬರುತ್ತದೆ, ಹುಬ್ಬಳ್ಳಿಗೆ ಮೇ 2ರ ಆಸುಪಾಸು, ಕಲಬುರಗಿಗೆ ಮೇ 9–10, ಬೀದರ್‌ಗೆ ಮೇ 12ರ ಸುಮಾರು. ಬೆಂಗಳೂರಿಗೆ ಏಪ್ರಿಲ್ ಅತಿ ಬಿಸಿ ತಿಂಗಳು, ಕಲಬುರಗಿ-ರಾಯಚೂರಿಗೆ ಮೇ. ಅದಕ್ಕೆ ಈ ನೆತ್ತಿಯ ಸೂರ್ಯನೂ ಒಂದು ಕಾರಣ, ಮೇ ತಿಂಗಳಲ್ಲಿ ದಕ್ಷಿಣಕ್ಕೆ ಬೇಗ ಬಂದು ತಂಪು ಮಾಡುವ ಗುಡುಗು ಮಳೆ ಇನ್ನೊಂದು ಕಾರಣ.

ಈ ಅಳತೆಯಿಂದ ಮನೆಗೂ ಉಪಯೋಗ ಇದೆ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಹಗಲ ಬಿಸಿಲು ಉತ್ತರದಿಂದ ಬರುತ್ತದೆ, ಹಾಗಾಗಿ ಉತ್ತರದ ಬಾಲ್ಕನಿಯಲ್ಲಿ ನೆರಳು ಬೇಕು ಅಂತ ಇಟ್ಟ ಗಿಡಗಳು ಆಗ ಸೊರಗುತ್ತವೆ, ಅವನ್ನು ಒಳಗೆ ಸರಿಸಿ. ಚಳಿಗಾಲದಲ್ಲಿ ತುಳಸಿ ಕುಂಡ ದಕ್ಷಿಣಕ್ಕಿದ್ದರೆ ಒಳ್ಳೇದು. ಹಪ್ಪಳ-ಸಂಡಿಗೆ ಒಣಗಿಸುವವರಿಗೆ ಫೆಬ್ರವರಿಯಿಂದ ಏಪ್ರಿಲ್ ಮಧ್ಯದವರೆಗೆ ಒಳ್ಳೆಯ ಕಾಲ, ನೆರಳು ಚಿಕ್ಕದಾಗುತ್ತಾ ಬರುತ್ತದೆ, ಸಂಜೆ ಮಳೆಯ ಕಾಟ ಇನ್ನೂ ಜಾಸ್ತಿ ಇರುವುದಿಲ್ಲ.

ಸೂರ್ಯನ ನಾಲ್ಕು ದಿನ

ನೋಟ್‌ಬುಕ್‌ನ ಮೊದಲ ಪುಟದಲ್ಲಿ ಬರೆದುಕೊಳ್ಳಿ: ಮಾರ್ಚ್ 20–21 ಮತ್ತು ಸೆಪ್ಟೆಂಬರ್ 22–23 ಹಗಲು-ರಾತ್ರಿ ಸಮ. ಜೂನ್ 20–21 ಅತಿ ಉದ್ದದ ಹಗಲು. ಡಿಸೆಂಬರ್ 21–22 ಅತಿ ಚಿಕ್ಕ ಹಗಲು.

ಇದಕ್ಕೆಲ್ಲ ಕಾರಣ ಭೂಮಿ 23.4 ಡಿಗ್ರಿ ವಾಲಿಕೊಂಡೇ ಸೂರ್ಯನನ್ನು ಸುತ್ತುವುದು. ಸೂರ್ಯ ಹತ್ತಿರ ಬಂದರೆ ಬೇಸಿಗೆ, ದೂರ ಹೋದರೆ ಚಳಿ ಅಂತ ಎಷ್ಟೋ ಜನ ಈಗಲೂ ನಂಬಿದ್ದಾರೆ. ಭೂಮಿ ಸೂರ್ಯನಿಗೆ ಅತಿ ಹತ್ತಿರ ಇರುವುದು ಜನವರಿ ಮೊದಲ ವಾರ, ಸುಮಾರು 14.7 ಕೋಟಿ ಕಿ.ಮೀ. ದೂರದಲ್ಲಿ, ಅಂದರೆ ನಾವು ಸ್ವೆಟರ್ ಹಾಕಿಕೊಂಡಿರುವಾಗ. ಅತಿ ದೂರ ಇರುವುದು ಜುಲೈ ಮೊದಲ ವಾರ, 15.2 ಕೋಟಿ ಕಿ.ಮೀ. ಮಕ್ಕಳಿಗೆ ಇದನ್ನು ಮೊದಲೇ ಹೇಳಿಕೊಡಿ.

ಬೆಂಗಳೂರಿನಲ್ಲಿ ಅತಿ ಉದ್ದದ ಹಗಲಿಗೂ ಅತಿ ಚಿಕ್ಕ ಹಗಲಿಗೂ ಸುಮಾರು ಒಂದೂವರೆ ಗಂಟೆ ಮಾತ್ರ ವ್ಯತ್ಯಾಸ. ಸಮಭಾಜಕಕ್ಕೆ ಹತ್ತಿರ ಇದ್ದೀವಲ್ಲ, ಅದಕ್ಕೆ. ಹಗಲಿನ ಉದ್ದ ಇಷ್ಟು ಕಡಿಮೆ ಬದಲಾಗುವ ಜಾಗದಲ್ಲಿ ವರ್ಷದ ರೂಪ ನಿರ್ಧಾರ ಮಾಡುವುದು ಮಳೆ. ಇನ್ನೊಂದು ವಿಷಯ ಗಮನಿಸಿ. ಅತಿ ಚಿಕ್ಕ ಹಗಲು ಡಿಸೆಂಬರ್‌ನಲ್ಲಿ ಮುಗಿದರೂ ಸೂರ್ಯ ಅತಿ ತಡವಾಗಿ ಹುಟ್ಟುವುದು ಜನವರಿ ಕೊನೆಯ ಭಾಗದಲ್ಲಿ, ಸುಮಾರು 6:46ಕ್ಕೆ. ಬೆಳಿಗ್ಗೆ ಬೇಗ ಶಾಲೆಗೆ ಹೋಗುವ ಮಕ್ಕಳಿಗೆ ಸಂಕ್ರಾಂತಿ ಕಳೆದ ಮೇಲೂ ಕತ್ತಲು ಅನ್ನಿಸುವುದು ಇದಕ್ಕೇ.

ಸಂಕ್ರಾಂತಿ ಅಂದೆ ಅಲ್ವಾ. ಸೂರ್ಯ ಉತ್ತರಕ್ಕೆ ತಿರುಗುವುದು ಡಿಸೆಂಬರ್ 21–22ಕ್ಕೆ, ನಿಮ್ಮ ಕೋಲಿನ ನೆರಳೇ ಅದನ್ನು ತೋರಿಸುತ್ತದೆ. ನಾವು ಎಳ್ಳು-ಬೆಲ್ಲ ಬೀರುವುದು ಜನವರಿ 14–15ಕ್ಕೆ. ಸುಮಾರು 1,700 ವರ್ಷಗಳ ಹಿಂದೆ ಇವೆರಡೂ ಒಂದೇ ದಿನ ಬರುತ್ತಿದ್ದವು. ಭೂಮಿಯ ಅಕ್ಷ ಬಹಳ ನಿಧಾನವಾಗಿ ಸುತ್ತು ಹಾಕುವುದರಿಂದ ಸುಮಾರು 72 ವರ್ಷಕ್ಕೆ ಒಂದು ದಿನದಷ್ಟು ಅಂತರ ಬೆಳೆಯುತ್ತಾ ಬಂದಿದೆ. ಹಬ್ಬ ನಕ್ಷತ್ರಗಳ ಲೆಕ್ಕದ್ದು, ನೆರಳು ಋತುವಿನ ಲೆಕ್ಕದ್ದು.

ಮಳೆ ನಕ್ಷತ್ರಗಳ ಪಟ್ಟಿ ಗೋಡೆಗೆ ಅಂಟಿಸಿ

ಇದು ನನಗೆ ಬಹಳ ಪ್ರೀತಿಯ ಭಾಗ. ಚಾಂದ್ರಮಾನ ತಿಂಗಳುಗಳನ್ನು ನಂಬಿ ಬಿತ್ತನೆ ಮಾಡುವುದು ಕಷ್ಟ, ಯಾಕೆಂದರೆ ಆ ವರ್ಷಕ್ಕೆ 354 ದಿನ. ಹನ್ನೊಂದು ದಿನ ಕಡಿಮೆ ಬಿದ್ದು, ಎರಡೂವರೆ-ಮೂರು ವರ್ಷಕ್ಕೊಮ್ಮೆ ಅಧಿಕ ಮಾಸ ಸೇರಿಸಿ ಸರಿ ಮಾಡುತ್ತಾರೆ. 2024ರಲ್ಲಿ ಯುಗಾದಿ ಏಪ್ರಿಲ್ 9ಕ್ಕೆ ಬಂತು, 2025ರಲ್ಲಿ ಮಾರ್ಚ್ 30ಕ್ಕೆ, 2026ರಲ್ಲಿ ಮಾರ್ಚ್ 19ಕ್ಕೆ. ಹೊಲಕ್ಕೆ ಇಷ್ಟು ಏರುಪೇರು ಆಗುವುದಿಲ್ಲ. ಅದಕ್ಕೇ ನಮ್ಮ ರೈತರು ಸೂರ್ಯ ಯಾವ ನಕ್ಷತ್ರದಲ್ಲಿದ್ದಾನೆ ಅಂತ ನೋಡಿ ಮಳೆಗೆ ಹೆಸರಿಟ್ಟರು. 27 ನಕ್ಷತ್ರ, ಒಂದೊಂದಕ್ಕೆ ಸುಮಾರು ಹದಿಮೂರೂವರೆ ದಿನ. ಪ್ರತಿ ವರ್ಷ ಅದೇ ತಾರೀಖು, ಒಂದು ದಿನ ಆಚೀಚೆ ಅಷ್ಟೇ.

ಶುರುವಾಗುವ ತಾರೀಖು ಹೀಗೆ ಬರೆದುಕೊಳ್ಳಿ: ಅಶ್ವಿನಿ ಏಪ್ರಿಲ್ 14, ಭರಣಿ ಏಪ್ರಿಲ್ 27, ಕೃತ್ತಿಕೆ ಮೇ 11, ರೋಹಿಣಿ ಮೇ 25, ಮೃಗಶಿರ ಜೂನ್ 8, ಆರಿದ್ರಾ ಜೂನ್ 22, ಪುನರ್ವಸು ಜುಲೈ 6, ಪುಷ್ಯ ಜುಲೈ 20, ಆಶ್ಲೇಷ ಆಗಸ್ಟ್ 3, ಮಖೆ ಆಗಸ್ಟ್ 17, ಹುಬ್ಬೆ ಆಗಸ್ಟ್ 30, ಉತ್ತರೆ ಸೆಪ್ಟೆಂಬರ್ 13, ಹಸ್ತ ಸೆಪ್ಟೆಂಬರ್ 27, ಚಿತ್ತೆ ಅಕ್ಟೋಬರ್ 10, ಸ್ವಾತಿ ಅಕ್ಟೋಬರ್ 24, ವಿಶಾಖ ನವೆಂಬರ್ 6.

ಈ ಪಟ್ಟಿಯ ಪಕ್ಕದಲ್ಲಿ ನಿಮ್ಮ ಮನೆಯ ಹಿರಿಯರನ್ನು ಕೇಳಿ ಗಾದೆಗಳನ್ನೂ ಬರೆಯಿರಿ. "ಭರಣಿ ಮಳೆ ಬಿದ್ದರೆ ಧರಣಿಯೆಲ್ಲಾ ಬೆಳೆ", "ರೋಹಿಣಿ ಮಳೆಗೆ ಓಣಿಯೆಲ್ಲಾ ಜೋಳ", "ಆದರೆ ಆರಿದ್ರಾ, ಇಲ್ಲದಿದ್ದರೆ ದರಿದ್ರಾ" ಇವು ಬಹಳ ಕಡೆ ಕೇಳಿಬರುತ್ತವೆ, ಊರಿಂದೂರಿಗೆ ಮಾತು ಸ್ವಲ್ಪ ಬದಲಾಗುತ್ತದೆ ಅಷ್ಟೇ. ಇವು ಸುಮ್ನೆ ಪ್ರಾಸಕ್ಕೆ ಹುಟ್ಟಿದ ಮಾತುಗಳಲ್ಲ, ಆ ಹದಿನಾಲ್ಕು ದಿನದಲ್ಲಿ ಆ ಊರಿನ ಹೊಲಕ್ಕೆ ಮಳೆ ಎಷ್ಟು ಮುಖ್ಯ ಅನ್ನುವುದು ಅದರೊಳಗೆ ಇದೆ. ಮುಂಗಾರಿನ ಬಿತ್ತನೆ ರೋಹಿಣಿ-ಮೃಗಶಿರದ ಸುತ್ತ ಶುರುವಾಗುತ್ತದೆ, ಹಿಂಗಾರಿ ಜೋಳಕ್ಕೆ ವಿಜಯಪುರದ ಕಪ್ಪು ಮಣ್ಣಿನಲ್ಲಿ ಉತ್ತರೆ-ಹಸ್ತದ ಹಸಿ ಬೇಕು. ಬಯಲುಸೀಮೆಯ ಗಾದೆಯನ್ನು ಕರಾವಳಿಗೆ ಹೊಂದಿಸಲು ಹೋಗಬೇಡಿ.

ರಾತ್ರಿ ಆಕಾಶ ನೋಡುವ ಅಭ್ಯಾಸ ಇದ್ದರೆ ಇನ್ನೂ ಚೆನ್ನ. ಆರಿದ್ರಾ ಅಂದರೆ ಮಹಾವ್ಯಾಧ ನಕ್ಷತ್ರಪುಂಜದ ಭುಜದಲ್ಲಿರುವ ಆ ಕೆಂಪು ತಾರೆ. ಆರಿದ್ರಾ ಮಳೆ ನಡೆಯುವಾಗ ಸೂರ್ಯ ಅದರ ಕಡೆಗೇ ಇರುವುದರಿಂದ ಅದು ನಮಗೆ ಕಾಣುವುದೇ ಇಲ್ಲ. ಆರು ತಿಂಗಳ ಮೇಲೆ, ಡಿಸೆಂಬರ್‌ನಲ್ಲಿ ಕತ್ತಲಾದ ಸ್ವಲ್ಪ ಹೊತ್ತಿಗೆ, ಪೂರ್ವದಲ್ಲಿ ಅದು ಏಳುತ್ತದೆ. ಹಾಗಾಗಿ ಸಂಜೆ ಮಹಾವ್ಯಾಧ ಪೂರ್ವದಲ್ಲಿ ಹುಟ್ಟಿದರೆ ಚಳಿಗಾಲ ಬಂತು ಅಂತ. ಪಶ್ಚಿಮದಲ್ಲಿ ಮುಳುಗುತ್ತಾ ಬಂದರೆ ಬೇಸಿಗೆ ಏರುತ್ತಿದೆ ಅಂತ.

ಮಳೆ ಅಳೆಯಿರಿ

ಎರಡು ಲೀಟರ್‌ನ ನೆಟ್ಟನೆಯ ಪ್ಲಾಸ್ಟಿಕ್ ಬಾಟಲಿ ತೆಗೆದುಕೊಳ್ಳಿ. ಮೇಲಿನ ಇಳಿಜಾರು ಭಾಗ ಕತ್ತರಿಸಿ, ಅದನ್ನೇ ಮುಚ್ಚಳ ತೆಗೆದು ತಲೆಕೆಳಗಾಗಿ ಆಲಿಕೆಯ ಥರ ಕೂರಿಸಿ. ತಳ ಉಬ್ಬುತಗ್ಗಾಗಿರುತ್ತದೆ, ಅಲ್ಲಿಗೆ ಸಣ್ಣ ಕಲ್ಲು ಹಾಕಿ, ಮಟ್ಟ ಸಮ ಆಗುವವರೆಗೆ ನೀರು ತುಂಬಿ, ಅಲ್ಲಿ ಸೊನ್ನೆ ಅಂತ ಗೆರೆ ಎಳೆಯಿರಿ. ಅದರ ಮೇಲಕ್ಕೆ ಸ್ಕೇಲ್ ಅಂಟಿಸಿ. ಮರ, ಗೋಡೆ, ಸೂರಿನಿಂದ ದೂರ ಇಡಿ. ಪ್ರತಿದಿನ ಬೆಳಿಗ್ಗೆ 8:30ಕ್ಕೇ ನೋಡಿ, ಯಾಕೆಂದರೆ ಹವಾಮಾನ ಇಲಾಖೆಯ ಮಳೆಯ ದಿನವೂ 8:30ರಿಂದ 8:30ಕ್ಕೆ. ಬರೆದುಕೊಂಡ ಮೇಲೆ ನೀರನ್ನು ಮತ್ತೆ ಸೊನ್ನೆಗೆ ತನ್ನಿ.

2.5 ಮಿ.ಮೀ. ಅಥವಾ ಜಾಸ್ತಿ ಬಿದ್ದರೆ ಅದು ಲೆಕ್ಕಕ್ಕೆ ಬರುವ ಮಳೆ ದಿನ. 64.5 ದಾಟಿದರೆ ಭಾರಿ ಮಳೆ, 115.6ರಿಂದ ಅತಿ ಭಾರಿ. ಒಂದು ಮಿ.ಮೀ. ಮಳೆ ಅಂದರೆ ಒಂದು ಚದರ ಮೀಟರ್‌ಗೆ ಒಂದು ಲೀಟರ್ ನೀರು. ನೂರು ಚದರ ಮೀಟರ್ ತಾರಸಿಯ ಮೇಲೆ 20 ಮಿ.ಮೀ. ಬಿದ್ದರೆ ಎರಡು ಸಾವಿರ ಲೀಟರ್. ಈ ಲೆಕ್ಕ ಒಮ್ಮೆ ತಲೆಗೆ ಹೋದರೆ ಮಳೆನೀರನ್ನು ಚರಂಡಿಗೆ ಬಿಡಲು ಮನಸ್ಸು ಬರುವುದಿಲ್ಲ.

ಮುಂಗಾರು ನಿಜವಾಗಿ ಬಂತಾ?

ಮೇ ತಿಂಗಳಲ್ಲಿ ಎರಡು ದಿನ ಜೋರು ಮಳೆ ಬಂದ ಕೂಡಲೇ ಮುಂಗಾರು ಬಂತು ಅಂತ ಹೇಳಿಬಿಡುತ್ತೇವೆ. ಹಾಗಲ್ಲ. ಹವಾಮಾನ ಇಲಾಖೆಗೆ ಅದಕ್ಕೊಂದು ಪರೀಕ್ಷೆ ಇದೆ. ಲಕ್ಷದ್ವೀಪದ ಮಿನಿಕಾಯ್‌ನಿಂದ ಹಿಡಿದು ತಿರುವನಂತಪುರ, ಕೊಚ್ಚಿ, ಕಣ್ಣೂರು, ನಮ್ಮ ಮಂಗಳೂರಿನವರೆಗೆ 14 ಕೇಂದ್ರಗಳನ್ನು ಗುರುತಿಸಿದ್ದಾರೆ. ಮೇ 10ರ ನಂತರ ಇವುಗಳಲ್ಲಿ ಶೇ 60ರಷ್ಟು ಕೇಂದ್ರಗಳಲ್ಲಿ ಸತತ ಎರಡು ದಿನ 2.5 ಮಿ.ಮೀ. ಅಥವಾ ಹೆಚ್ಚು ಮಳೆ ಆಗಬೇಕು, ಪಶ್ಚಿಮದ ಗಾಳಿಗೆ ಸಾಕಷ್ಟು ಆಳ ಮತ್ತು ವೇಗ ಇರಬೇಕು, ಮೋಡ ದಟ್ಟವಾಗಿರಬೇಕು. ಆಗ ಕೇರಳಕ್ಕೆ ಮುಂಗಾರು ಬಂತು ಎನ್ನುತ್ತಾರೆ. ವಾಡಿಕೆಯ ದಿನ ಜೂನ್ 1. ಆದರೆ 2023ರಲ್ಲಿ ಜೂನ್ 8ಕ್ಕೆ ಬಂತು, 2025ರಲ್ಲಿ ಮೇ 24ಕ್ಕೇ ಬಂತು. ಸಾಮಾನ್ಯವಾಗಿ ಜೂನ್ ಮೊದಲ ವಾರದಲ್ಲಿ ನಮ್ಮ ಕರಾವಳಿ ಮುಟ್ಟಿ, ತಿಂಗಳ ಮಧ್ಯದ ಹೊತ್ತಿಗೆ ರಾಜ್ಯವನ್ನೆಲ್ಲ ಆವರಿಸುತ್ತದೆ.

ನಿಮ್ಮ ಮನೆಯಿಂದಲೇ ಗುರುತಿಸಬೇಕಾದರೆ ಮೂರು ವಿಷಯ ನೋಡಿ. ಗುಡುಗು, ಮೋಡ ಓಡುವ ದಿಕ್ಕು, ಮಳೆಯ ಹೊತ್ತು. ಏಪ್ರಿಲ್-ಮೇ ತಿಂಗಳಲ್ಲಿ ಮಧ್ಯಾಹ್ನ ಸೆಕೆ ಏರಿ, ಗೋಪುರದಂತೆ ಮೋಡ ಎದ್ದು, ಸಂಜೆ ಗುಡುಗು-ಸಿಡಿಲಿನ ಜೊತೆ ಒಂದು ಗಂಟೆ ಸುರಿದು ನಿಲ್ಲುತ್ತದೆ, ಕೆಲವೊಮ್ಮೆ ಆಲಿಕಲ್ಲೂ ಬೀಳುತ್ತದೆ. ಮುಂಗಾರು ಬಂದ ಮೇಲೆ ಮೋಡ ಕೆಳಗಿಳಿದು, ಬೂದು ಬಣ್ಣಕ್ಕೆ ತಿರುಗಿ, ಪಶ್ಚಿಮದಿಂದ ಪೂರ್ವಕ್ಕೆ ಎಡೆಬಿಡದೆ ಓಡುತ್ತದೆ. ಗುಡುಗು ಕಡಿಮೆಯಾಗುತ್ತದೆ, ಮಳೆ ಯಾವ ಹೊತ್ತಿಗಾದರೂ ಬರುತ್ತದೆ. ಮತ್ತೆ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಸಂಜೆಯ ಗುಡುಗು ಕೇಳಲು ಶುರುವಾದರೆ ಗಾಳಿ ತಿರುಗುವ ಕಾಲ ಬಂತು ಅಂತ ತಿಳಿಯಿರಿ. ವರ್ಷದಲ್ಲಿ ಗುಡುಗು ನಿಂತ ದಿನ ಮತ್ತು ಮತ್ತೆ ಶುರುವಾದ ದಿನ, ಈ ಎರಡನ್ನು ಬರೆದಿಟ್ಟರೆ ಮುಂಗಾರು ಎಲ್ಲಿಂದ ಎಲ್ಲಿವರೆಗೆ ಇತ್ತು ಅಂತ ಬಹುಮಟ್ಟಿಗೆ ಗೊತ್ತಾಗುತ್ತದೆ.

ಸಿಡಿಲಿನ ಕಾಲದಲ್ಲಿ ಮಾತ್ರ ಹುಷಾರು. ಗುಡುಗು ಕೇಳಿದರೆ ತಾರಸಿಯ ಕೋಲು, ಬಾಟಲಿ ಎಲ್ಲಾ ಅಲ್ಲೇ ಬಿಟ್ಟು ಒಳಗೆ ಬನ್ನಿ. ಮರದ ಕೆಳಗೆ ನಿಲ್ಲಬೇಡಿ.

ಊರಿಗೆ ತಕ್ಕಂತೆ ಚಿತ್ರ ಬೇರೆ. ಕರಾವಳಿ-ಮಲೆನಾಡಿಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೇ ಬಹುಪಾಲು ಮಳೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ದಾಟುತ್ತದೆ, ಘಟ್ಟದ ಮಳೆನೆರಳಿನಲ್ಲಿರುವ ಚಳ್ಳಕೆರೆಯಂಥ ಕಡೆ ಅದರ ಹತ್ತರಲ್ಲಿ ಒಂದು ಪಾಲೂ ಇಲ್ಲ. ಬೆಂಗಳೂರಿಗೆ ಜೂನ್-ಜುಲೈ ಬರೀ ಗಾಳಿ ಮತ್ತು ತುಂತುರು, ಅತಿ ಹೆಚ್ಚು ಮಳೆ ಸೆಪ್ಟೆಂಬರ್‌ನಲ್ಲಿ. ಆದ್ದರಿಂದ ಬೆಂಗಳೂರಿನಲ್ಲಿ ಮನೆ ಸೋರುವುದನ್ನು ಸರಿ ಮಾಡಿಸುವವರು ಜುಲೈ ದಾಟಿತು ಅಂತ ಮೈಮರೆಯಬಾರದು. ಕೋಲಾರದ ಕಡೆ ಅಕ್ಟೋಬರ್ ಮಳೆಯನ್ನೂ ನೆಚ್ಚಿಕೊಂಡಿರುತ್ತಾರೆ.

ಮರ, ಹಕ್ಕಿ, ಸಂತೆ

ನಿಮ್ಮ ಬೀದಿಯಲ್ಲಿ ಒಂದೆರಡು ಮರ ಆರಿಸಿಕೊಳ್ಳಿ, ಹತ್ತು ಮರ ಬೇಡ. ಎಲೆ ಉದುರಿದ್ದು, ಚಿಗುರಿದ್ದು, ಮೊದಲ ಹೂವು ಇಷ್ಟನ್ನು ಮಾತ್ರ ಬರೆಯಿರಿ. ಹೊಂಗೆ ಒಳ್ಳೆಯ ಆಯ್ಕೆ, ಬಿಸಿಲು ಏರುವ ಹೊತ್ತಿಗೆ ಬೋಳಾಗಿ ಕೆಲವೇ ದಿನದಲ್ಲಿ ಎಳೆ ಹಸಿರು ತುಂಬಿಕೊಳ್ಳುತ್ತದೆ. ಮುತ್ತುಗ ಫೆಬ್ರವರಿ-ಮಾರ್ಚ್‌ನಲ್ಲಿ, ಕಕ್ಕೆ ಏಪ್ರಿಲ್-ಮೇ ತಿಂಗಳಲ್ಲಿ. ಕೊಡಗು-ಚಿಕ್ಕಮಗಳೂರಿನ ಕಾಫಿ ತೋಟದವರು ಫೆಬ್ರವರಿ-ಮಾರ್ಚ್‌ನ ಹೂ ಮಳೆಗೆ ಕಾಯುತ್ತಾರೆ, ಮಳೆ ಬಿದ್ದು ಎಂಟು-ಹತ್ತು ದಿನಕ್ಕೆ ತೋಟವೆಲ್ಲ ಬಿಳಿ.

ಹಕ್ಕಿ ನೋಡುವವರು ಮುಂಗಾರಿನ ಜೊತೆ ಬರುವ ಚಾತಕ ಪಕ್ಷಿಯನ್ನು ಗಮನಿಸಿ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬರುತ್ತವೆ, ಬಿಸಿಲೇರುವ ಹೊತ್ತಿಗೆ ಹೊರಟುಬಿಡುತ್ತವೆ. ಶಹರದಲ್ಲಿ ಇದ್ಯಾವುದೂ ಇಲ್ಲ ಅನ್ನುವವರಿಗೆ ತರಕಾರಿ ಗಾಡಿಯೇ ಸಾಕು. ಮೊದಲ ಸೊಗಡಿನ ಅವರೆಕಾಯಿ ಬಂದ ದಿನ, ಮೊದಲ ಮಾವು ಬಂದ ದಿನ, ಹಲಸಿನ ವಾಸನೆ ಶುರುವಾದ ದಿನ ಬರೆದಿಡಿ. ಕರಾವಳಿಯವರಿಗೆ ಮೀನು ಮಾರುಕಟ್ಟೆ ಇದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ತುಳುನಾಡಿನ ಪತ್ತನಾಜೆ ಮೇ 24ರ ಸುಮಾರಿಗೆ ಬಂದು ಭೂತಕೋಲ, ಯಕ್ಷಗಾನದ ತಿರುಗಾಟಕ್ಕೆ ತೆರೆ ಎಳೆಯುತ್ತದೆ. ಮರುದಿನದ ಹೊತ್ತಿಗೆ ರೋಹಿಣಿ ಮಳೆ ಶುರು, ಎಷ್ಟು ಸರಿಯಾಗಿ ಲೆಕ್ಕ ಇಟ್ಟಿದ್ದಾರೆ ನೋಡಿ.

ಬರೆಯುವುದು ಹೇಗೆ, ಓದುವುದು ಹೇಗೆ

ದಿನಕ್ಕೆ ಒಂದೇ ಸಾಲು: ತಾರೀಖು, ಮಳೆ ನಕ್ಷತ್ರ, ಮಳೆ ಎಷ್ಟು ಮಿ.ಮೀ., ಗಾಳಿ ಯಾವ ಕಡೆಯಿಂದ, ಗುಡುಗು ಇತ್ತಾ, ಕಣ್ಣಿಗೆ ಬಿದ್ದ ಒಂದು ವಿಷಯ. ವಾರಕ್ಕೊಮ್ಮೆ ನೆರಳಿನ ಅಳತೆ. ಉದ್ದುದ್ದ ಬರೆಯಲು ಹೋದರೆ ತಿಂಗಳಿಗೇ ನಿಂತುಹೋಗುತ್ತದೆ. ಒಂದು ವಾರ ತಪ್ಪಿದರೆ ಖಾಲಿ ಬಿಟ್ಟು ಮುಂದುವರಿಸಿ, ನೆನಪಿನಿಂದ ತುಂಬಿಸಬೇಡಿ.

ಮೊದಲ ವರ್ಷದ ಪುಸ್ತಕ ನೋಡಿ ಹವಾಮಾನ ಬದಲಾಗಿಬಿಟ್ಟಿದೆ ಅಂತ ತೀರ್ಮಾನಕ್ಕೆ ಬರಬೇಡಿ. ಒಂದು ವರ್ಷ ಎಲ್ ನಿನೊ (ಪೆಸಿಫಿಕ್ ಸಾಗರದ ನೀರು ಬಿಸಿಯಾಗಿ ನಮ್ಮ ಮಳೆಯನ್ನು ಏರುಪೇರು ಮಾಡುವುದು) ಇರುತ್ತದೆ, ಒಂದು ವರ್ಷ ಇರುವುದಿಲ್ಲ. 2023ರ ಆಗಸ್ಟ್ ದೇಶಕ್ಕೆ 1901ರಿಂದ ಈಚೆಗೆ ಅತಿ ಒಣ ಆಗಸ್ಟ್ ಆಗಿತ್ತು, ಆ ಒಂದು ತಿಂಗಳನ್ನು ನೋಡಿ ಆಶ್ಲೇಷ-ಮಖೆ ಮಳೆಯೇ ಮುಗಿದುಹೋಯಿತು ಅಂದರೆ ತಪ್ಪಾಗುತ್ತದೆ. ಹವಾಮಾನ ಇಲಾಖೆ ವಾಡಿಕೆ ಮಳೆ ಅಂತ ಹೇಳುವುದು ದಶಕಗಳ ಸರಾಸರಿ ಇಟ್ಟುಕೊಂಡು. ನಿಮ್ಮ ಪುಸ್ತಕವನ್ನು ಆ ಸರಾಸರಿಯ ಪಕ್ಕದಲ್ಲಿ ಇಟ್ಟು ಓದಿ.

ಹೊರದೇಶದಲ್ಲಿರುವ ಕನ್ನಡದವರೂ ಇದನ್ನು ಮಾಡಬಹುದು, ನೆರಳಿನ ಅಳತೆ ಮಾತ್ರ ಬೇರೆ ಬರುತ್ತದೆ. ಲಂಡನ್‌ನಲ್ಲಿ ಡಿಸೆಂಬರ್ 21ಕ್ಕೆ ಅದೇ ಒಂದು ಮೀಟರ್ ಕೋಲಿನ ನಡುಹಗಲ ನೆರಳು ಮೂರೂವರೆ ಮೀಟರ್ ದಾಟುತ್ತದೆ, ಅಷ್ಟು ಜಾಗ ಇಲ್ಲದಿದ್ದರೆ ಅರ್ಧ ಮೀಟರ್ ಕೋಲು ನೆಡಿ. ಮೆಲ್ಬೋರ್ನ್‌ನಲ್ಲಿ ಎಲ್ಲಾ ತಿರುಗುಮುರುಗು, ಯುಗಾದಿಗೆ ಅಲ್ಲಿ ಎಲೆ ಉದುರುವ ಕಾಲ. ವರ್ಷಪೂರ್ತಿ ನಡುಹಗಲ ನೆರಳು ದಕ್ಷಿಣಕ್ಕೇ ಬೀಳುತ್ತದೆ, ಜೂನ್ 21ಕ್ಕೆ 1.8 ಮೀಟರ್, ಡಿಸೆಂಬರ್ 21ಕ್ಕೆ 26 ಸೆಂ.ಮೀ. ಅಲ್ಲಿ ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದೆ ಇಡುತ್ತಾರೆ, ಆ ತಿಂಗಳುಗಳಲ್ಲಿ ಚುಕ್ಕೆ ಇಡುವುದನ್ನು ಮಧ್ಯಾಹ್ನ ಒಂದರ ಮೇಲೆ ಶುರು ಮಾಡಿ.